ಅದಿರಿನೊಳಗಿನ ನೀರು

ಜುಲೈ 9, 2025, ಬುಧವಾರ
ಮಂಗಳೂರು

ವಾರಿಜಕ್ಕನ ಮಗನಿಗೆ ಅಂತೂ ಹಡಗು ಸಿಕ್ಕಿತು. ಬಲ್ಕ್ ಕ್ಯಾರಿಯರ್, ಅಂದರೆ ಅದಿರು, ಧಾನ್ಯವನ್ನು ಹಾಗೆಯೇ ಸುರಿದು ಒಯ್ಯುವ ಹಡಗು. ಡೆಕ್ ಕೆಡೆಟ್, ತರಬೇತಿಯ ಅಧಿಕಾರಿ ಕೆಲಸ. ಸಂಜೆ ಇಬ್ಬರೂ ಬಂದಿದ್ದರು, ಹುಡುಗ ಸುದ್ದಿ ಹೇಳಲಿಕ್ಕೆ, ಅಮ್ಮ ಹೆದರಿಕೆ ಹೇಳಲಿಕ್ಕೆ. ಈ ವರ್ಷ ಹೆದರದೆ ಇರುವುದಾದರೂ ಹೇಗೆ? ಮೇ 25ಕ್ಕೆ ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿತು, 640 ಕಂಟೇನರ್ ಸಮೇತ. ಜೂನ್ 9ಕ್ಕೆ ವಾನ್ ಹೈ 503ಕ್ಕೆ ಬೆಂಕಿ ಬಿತ್ತು. ನಾಲ್ವರು ಸಿಗಲಿಲ್ಲ, ಬದುಕಿದ 18 ಮಂದಿಯನ್ನು ತಂದಿಳಿಸಿದ್ದು ನಮ್ಮ ಪಣಂಬೂರು ಬಂದರಿಗೇ.

"ಈ ಗಾಳಿಮಳೆಯಲ್ಲಿ ಕಳಿಸುವುದು ಬೇಡ ಅಂತ ಕಾಣ್ತದೆ ನನಗೆ. ನೀವೇ ಸ್ವಲ್ಪ ಹೇಳಿ ಇವನಿಗೆ" ಅಂದರು ವಾರಿಜಕ್ಕ.

ಗಾಳಿಗಿಂತ ಮಳೆಗೇ ಹೆದರಬೇಕು ಅಂದೆ, ಅದೂ ಸಮುದ್ರದಲ್ಲಿ ಬೀಳುವ ಮಳೆಗಲ್ಲ, ಬಂದರಿನ ಯಾರ್ಡಿನಲ್ಲಿ ಅದಿರಿನ ರಾಶಿಯ ಮೇಲೆ ಬೀಳುವ ಮಳೆಗೆ. ಅವರಿಗೆ ತಮಾಷೆ ಅನ್ನಿಸಿತೇನೋ. ಹುಡುಗನಿಗೆ ಮಾತ್ರ ಗೊತ್ತಾಯಿತು. "ಲಿಕ್ವಿಫ್ಯಾಕ್ಷನ್ ಅಲ್ವಾ ಅಂಕಲ್? ಓದಿದ್ದೇನೆ. ಆದ್ರೆ ಗಟ್ಟಿ ಅದಿರು ನೀರಿನ ಹಾಗೆ ಹೇಗೆ ಹರೀತದೆ ಅಂತ ತಲೆಗೆ ಹೋಗುವುದಿಲ್ಲ."

ಕುದುರೆಮುಖದ ಅದಿರು ಪಣಂಬೂರಿಗೆ ಬರುತ್ತಿದ್ದದ್ದು ಹೇಗೆ ಅಂತ ಕೇಳಿದೆ. 2005ರ ಕೊನೆಗೆ ಗಣಿ ನಿಂತಾಗ ಇವನು ಹುಟ್ಟಿದ್ದನೋ ಇಲ್ಲವೋ, ಆದರೂ ಗೊತ್ತಿತ್ತು: 67 ಕಿಲೋಮೀಟರ್ ಪೈಪಿನಲ್ಲಿ, ಸ್ಲರಿಯಾಗಿ. ನುಣ್ಣಗೆ ಅರೆದು ನೀರು ಬೆರೆಸಿದರೆ ಕಬ್ಬಿಣದ ಅದಿರು ಘಟ್ಟ ಇಳಿದು ಬರುತ್ತದೆ. ಪೈಪಿನಲ್ಲಿ ಅದು ಬೇಕೆಂದೇ ಮಾಡಿದ್ದು. ಹೋಲ್ಡಿನಲ್ಲಿ, ಅಂದರೆ ಹಡಗಿನ ಸರಕು ತುಂಬುವ ಹೊಟ್ಟೆಯಲ್ಲಿ, ಹರಿಯಲಿಕ್ಕೆ ಅಷ್ಟೆಲ್ಲ ನೀರೂ ಬೇಡ.

ಹುಡಿ ಅದಿರು, ಅಂದರೆ ಫೈನ್ಸ್, ಹೋಲ್ಡಿಗೆ ಬಿದ್ದಾಗ ಕಣಕ್ಕೆ ಕಣ ತಾಗಿಕೊಂಡು ನಿಂತಿರುತ್ತದೆ. ನಡುವಿನ ಸಂದಿನಲ್ಲಿ ಸ್ವಲ್ಪ ಗಾಳಿ, ಸ್ವಲ್ಪ ನೀರು. ಮೇಲೆ ನಡೆದರೆ ಕಾಲು ಹೂಳುವುದಿಲ್ಲ, ಕೈಗೂ ಒಣಗಿದ ಹಾಗೆಯೇ ಇರುತ್ತದೆ. ಹಡಗು ಹೊರಟ ಮೇಲೆ ಎಂಜಿನ್ನಿನ ನಡುಕ, ಅಲೆಯ ಹೊಡೆತ, ಆಚೀಚೆ ತೂಗಾಟ. ರಾಶಿ ಕುಸಿಯುತ್ತ ಬಿಗಿಯಾಗುತ್ತದೆ, ಸಂದು ಕಿರಿದಾಗುತ್ತದೆ. ಮೊದಲು ಗಾಳಿ ಹೊರಗೆ ಹೋಗುತ್ತದೆ. ಹುಡಿ ತೀರಾ ನುಣ್ಣಗಿರುವುದರಿಂದ ನೀರಿಗೆ ಅಷ್ಟು ಬೇಗ ಬಸಿದು ಹೋಗಲಿಕ್ಕಾಗುವುದಿಲ್ಲ. ಅಲ್ಲೇ ಸಿಕ್ಕಿಬಿದ್ದು ಒತ್ತಡ ಏರಿ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಬಿಟ್ಟುಕೊಂಡ ಕೂಡಲೇ ಇಡೀ ರಾಶಿ ಕೆಸರು. ಹಡಗು ಎಡಕ್ಕೆ ವಾಲಿದಾಗ ಕೆಸರೂ ಎಡಕ್ಕೆ ಹೋಗುತ್ತದೆ, ಬಲಕ್ಕೆ ತೂಗಿದಾಗ ಅಷ್ಟೂ ವಾಪಸು ಬರುವುದಿಲ್ಲ. ಪ್ರತಿ ತೂಗಾಟಕ್ಕೂ ಒಂದಿಷ್ಟು ಎಡಗಡೆಗೇ ಉಳಿಯುತ್ತದೆ.

"ಹೋಲ್ಡ್ ತುಂಬಾ ಹಾಕಿದ್ರೆ ಜಾರಲಿಕ್ಕೆ ಜಾಗ ಇರುವುದಿಲ್ಲ ಅಲ್ವಾ?"

ಒಳ್ಳೆಯ ಪ್ರಶ್ನೆ. ಆದರೆ ಅದಿರಿನಲ್ಲಿ ಅದು ಆಗುವ ಕೆಲಸವಲ್ಲ. ಒಂದು ಟನ್ ಫೈನ್ಸಿಗೆ ಸುಮಾರು ಅರ್ಧ ಘನ ಮೀಟರ್ ಸಾಕು, ಗೋಧಿಗಾದರೆ ಒಂದೂಕಾಲಿನ ಮೇಲೆ ಬೇಕು. ಹಡಗು ಹೊರುವಷ್ಟು ಭಾರ ಆಗುವ ಹೊತ್ತಿಗೆ ಹೋಲ್ಡ್ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇರುತ್ತದೆ.

2009ರ ಜುಲೈಯಲ್ಲಿ ನವಮಂಗಳೂರು ಬಂದರಿನಿಂದ ಹೊರಟ ಏಷ್ಯನ್ ಫಾರೆಸ್ಟ್ ಹೋದದ್ದು ಹೀಗೆಯೇ. ಚೀನಾಕ್ಕೆ ಹೊರಟದ್ದು, 13,600 ಟನ್ ಫೈನ್ಸ್ ಹೇರಿಕೊಂಡು. ಬಂದರು ದಾಟಿ ಹೆಚ್ಚು ಹೊತ್ತಾಗಿರಲಿಲ್ಲ, ಒಂದು ಮಗ್ಗುಲಿಗೆ ವಾಲಿತು, ಮರುದಿನ ಮುಳುಗಿತು. 18 ಮಂದಿಯನ್ನೂ ಕೋಸ್ಟ್ ಗಾರ್ಡ್ ಉಳಿಸಿತು. ಎರಡು ತಿಂಗಳೂ ಆಗಲಿಲ್ಲ, ಸೆಪ್ಟೆಂಬರ್ 9ಕ್ಕೆ ಒಡಿಶಾದ ಪಾರಾದೀಪದ ಹೊರಗೆ ಬ್ಲ್ಯಾಕ್ ರೋಸ್, 23,000 ಟನ್ನಿಗೂ ಮಿಕ್ಕಿದ ಅದಿರಿನೊಂದಿಗೆ. ಅದೂ ಮಳೆಗಾಲದ ಲೋಡೇ.

13,600 ಟನ್ನಿನಲ್ಲಿ ನೀರಿನಂಶ ಶೇ 10 ಅಂತ ಹಿಡಿಯಿರಿ. 1,360 ಟನ್ ನೀರಾಯಿತು. ಏಪ್ರಿಲ್-ಮೇಯಲ್ಲಿ ನಮ್ಮ ಫ್ಲ್ಯಾಟುಗಳಿಗೆ ಬರುತ್ತದಲ್ಲ, 12,000 ಲೀಟರಿನ ಟ್ಯಾಂಕರ್, ಅಂಥವು ನೂರಕ್ಕೂ ಮೇಲೆ. ಅಷ್ಟು ನೀರು ಕಣ್ಣಿಗೆ ಬೀಳದೆ ರಾಶಿಯೊಳಗೇ ಕೂತಿರುತ್ತದೆ.

ವಾರಿಜಕ್ಕ ಇಷ್ಟರಲ್ಲಿ ಅಡುಗೆಮನೆಗೆ ಹೋಗಿ ಚಾ ಮಾಡಿಸುತ್ತಿದ್ದರು. ಒಳಗಿನಿಂದಲೇ, "ಉಳ್ಳಾಲದಲ್ಲಿ ಮುಳುಗಿದ್ದೂ ಇದೇ ಕತೆಯಾ?" ಅದಲ್ಲ. ಪ್ರಿನ್ಸೆಸ್ ಮಿರಾಲ್ 2022ರ ಜೂನಿನದ್ದು, ಚೀನಾದಿಂದ ಲೆಬನಾನಿಗೆ ಉಕ್ಕಿನ ಕಾಯಿಲ್ ಸಾಗಿಸುತ್ತಿತ್ತು, ಹಡಗಿಗೇ ತೂತು ಬಿದ್ದು ನೀರು ನುಗ್ಗಿದ್ದು. ಹಳೆ ಹಡಗು, ಹಳೆ ತಗಡು. ಅದರ ಬಗ್ಗೆ ಹೇಳಲಿಕ್ಕೆ ಹೆಚ್ಚೇನಿಲ್ಲ.

ಹುಡುಗ ಲೆಕ್ಕ ಕೇಳಿದ. ನಿಯಮ ಹೀಗೆ: ಯಾವ ತೇವಾಂಶದಲ್ಲಿ ಸರಕು ಹರಿಯಲು ಶುರುವಾಗುತ್ತದೋ ಅದರ ಶೇ 90ಕ್ಕೆ ಗೆರೆ ಎಳೆಯುತ್ತಾರೆ. ಅದೇ ಟಿಎಂಎಲ್, ಸಾಗಿಸಬಹುದಾದ ತೇವಾಂಶದ ಮಿತಿ. ಸರಕಿನ ತೇವ ಆ ಗೆರೆ ದಾಟಿರಬಾರದು. ಟಿಎಂಎಲ್ ಪರೀಕ್ಷೆ ಆರು ತಿಂಗಳೊಳಗಿನದ್ದಿರಬೇಕು, ತೇವಾಂಶದ ಸ್ಯಾಂಪಲ್ ಲೋಡಿಂಗಿಗೆ ಏಳು ದಿನದೊಳಗಿನದ್ದು. ಮಧ್ಯೆ ಮಳೆ ಬಂದರೆ ತೇವ ಇನ್ನೂ ಗೆರೆಯೊಳಗೇ ಇದೆ ಎಂಬುದಕ್ಕೆ ದಾಖಲೆ ಕೊಡಬೇಕು. ಕಾಗದದ ಮೇಲೆ ಚಂದ ಉಂಟು. ಎಡವುವುದು ಸ್ಯಾಂಪಲಿನಲ್ಲಿ. ಬಿಸಿಲು ತಾಗಿದ ಮೇಲಿನ ಹುಡಿಯನ್ನೇ ಕೆರೆದು ಚೀಲಕ್ಕೆ ತುಂಬಿದರೆ ಲ್ಯಾಬ್ ಹೇಳುವುದು ಮೇಲಿನ ಹುಡಿಯ ಕತೆ. ಹಡಗಿಗೆ ಹೋಗುವುದು ರಾಶಿಯ ಬುಡ, ಎರಡು ತಿಂಗಳ ನೀರು ಕುಡಿದು ಕೂತದ್ದು.

ಹಾಗಾಗಿ ಹಡಗಿನವರು ತಾವೇ ಡಬ್ಬ ಕುಟ್ಟಿ ನೋಡುತ್ತಾರೆ, ಕ್ಯಾನ್ ಟೆಸ್ಟ್. ಮನೆಯಲ್ಲಿದ್ದ ಖಾಲಿ ಪೇಂಟ್ ಡಬ್ಬ ತೆಗೆದು ಇವನಿಗೆ ತೋರಿಸಿದೆ. ಅರ್ಧ ಲೀಟರಿನಿಂದ ಒಂದು ಲೀಟರಿನವರೆಗಿನ ಡಬ್ಬ ಆಗುತ್ತದೆ. ಅರ್ಧ ತುಂಬಿಸಬೇಕು, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಜೋರಾಗಿ ಕುಟ್ಟಬೇಕು, ಒಂದೆರಡು ಸೆಕೆಂಡಿಗೊಮ್ಮೆ, 25 ಸಲ. ಮೇಲೆ ನೀರು ಒಸರಿದರೆ, ಅಥವಾ ಹುಡಿ ಪೇಸ್ಟಿನ ಹಾಗೆ ಹೊಳೆದು ಅಲುಗಿದರೆ ಲೋಡಿಂಗ್ ನಿಲ್ಲಿಸಿ ಮತ್ತೆ ಲ್ಯಾಬಿಗೆ. ಒಸರದಿದ್ದರೆ? ಒಸರದಿದ್ದರೂ ಸರಕು ಟಿಎಂಎಲ್ ದಾಟಿರಬಹುದು. ಈ ಪರೀಕ್ಷೆಯಿಂದ ಸರಕು ಬೇಡ ಅನ್ನಲಿಕ್ಕೆ ಮಾತ್ರ ಆಗುವುದು, ಸರಿ ಅನ್ನಲಿಕ್ಕೆ ಅಲ್ಲ. ಇದನ್ನು ಅವನ ಹತ್ತಿರ ಎರಡು ಸಲ ಹೇಳಿಸಿದೆ. ಒಂದು ಹೋಲ್ಡಿಗೆ ಒಂದು ಡಬ್ಬ ಅಂತಲೂ ಲೆಕ್ಕ ಇಡಬಾರದು, ಕ್ರೇನಿನ ಗ್ರ್ಯಾಬ್ ಬೇರೆ ರಾಶಿಗೆ ಕೈ ಹಾಕಿದಾಗಲೆಲ್ಲ ತೆಗೆಯಬೇಕು. ಗ್ರ್ಯಾಬ್ ಬಿಟ್ಟಾಗ ಸರಕು ಹೋಲ್ಡಿನ ಗೋಡೆಗೆ ಕೆಸರು ಎರಚಿದರೆ ಡಬ್ಬವೂ ಬೇಡ, ಅದೇ ಉತ್ತರ. ಮಳೆ ಹನಿ ಬಿದ್ದ ಕೂಡಲೇ ಹ್ಯಾಚ್, ಅಂದರೆ ಹೋಲ್ಡಿನ ಬಾಯಿ, ಮುಚ್ಚಬೇಕು. ಬಿಲ್ಜಿನ, ಅಂದರೆ ಹೋಲ್ಡಿನ ತಳದಲ್ಲಿ ನೀರು ಬಸಿದು ಸೇರುವ ಗುಂಡಿಯ, ಬಾಯಿಗೆ ಗೋಣಿ ಸರಿಯಾಗಿ ಕಟ್ಟಿರಬೇಕು. ಆದರೆ ಬಿಲ್ಜಿಗೆ ನೀರು ಬರಲಿಲ್ಲ ಅಂತ ಧೈರ್ಯ ತೆಗೆದುಕೊಳ್ಳಬಾರದು.

"ಕ್ಯಾಪ್ಟನ್ ಬೇಡ ಅಂದ್ರೆ ಮುಗೀತಲ್ಲ?"

ಮುಗಿಯುವುದಿಲ್ಲ ಮಾರಾಯ. ಹಡಗಿನ ಬಾಡಿಗೆ ದಿನದ ಲೆಕ್ಕ, ಬರ್ತಿಗೆ, ಅಂದರೆ ಹಡಗು ನಿಲ್ಲುವ ಜಾಗಕ್ಕೆ, ಹೊರಗೆ ಇನ್ನೊಂದು ಹಡಗು ಕಾಯುತ್ತಿರುತ್ತದೆ, ಸರಕಿನವನ ಕೈಯಲ್ಲಿ ಸರ್ಟಿಫಿಕೇಟ್ ಉಂಟು. 2010ರ ಅಕ್ಟೋಬರಿನಿಂದ ಡಿಸೆಂಬರಿನೊಳಗೆ, 39 ದಿನಗಳಲ್ಲಿ, ಇಂಡೋನೇಷ್ಯಾದಿಂದ ಚೀನಾಕ್ಕೆ ನಿಕಲ್ ಅದಿರು ಒಯ್ಯುತ್ತಿದ್ದ ಜಿಯಾನ್ ಫು ಸ್ಟಾರ್, ನಾಸ್ಕೊ ಡೈಮಂಡ್, ಹಾಂಗ್ ವೇ, ಮೂರೂ ಹೋದವು. 44 ಜನ ಸತ್ತರು. ಮೂರು ಹಡಗಿನಲ್ಲೂ ಕಾಗದ ಇದ್ದೇ ಇದ್ದಿರಬೇಕು. ಕಬ್ಬಿಣದ ಫೈನ್ಸಿಗೆ ಅಂತ ಪ್ರತ್ಯೇಕ ನಿಯಮ ಕಡ್ಡಾಯವಾದದ್ದು 2017ರ ಜನವರಿಗೆ. ಏಷ್ಯನ್ ಫಾರೆಸ್ಟ್ ತಳ ಸೇರಿ ಏಳು ವರ್ಷ ದಾಟಿತ್ತು. ಇದನ್ನು ನೆನೆಸಿದರೆ ಈಗಲೂ ಸಿಟ್ಟು ಬರುತ್ತದೆ.

ವಾರಿಜಕ್ಕ ಚಾ ತಂದಿಟ್ಟು, "ಇಷ್ಟೆಲ್ಲ ಹೇಳಿ ಹೆದರಿಸಿದ್ರೋ ಧೈರ್ಯ ಹೇಳಿದ್ರೋ ಒಂದೂ ಗೊತ್ತಾಗ್ಲಿಲ್ಲ" ಅಂದರು. ಗೋಳಿಬಜೆ ಚೆನ್ನಾಗಿತ್ತು.

ಹೊರಡುವಾಗ ಮೆಟ್ಟಿಲಲ್ಲಿ ಹೇಳಿದ, ಹಡಗು ಗಿನಿಯಿಂದ ಬಾಕ್ಸೈಟ್ ತುಂಬುವುದಂತೆ. ಇದನ್ನು ಮೊದಲೇ ಹೇಳಬಾರದಿತ್ತೇ! ಬಲ್ಕ್ ಜುಪಿಟರ್ ಒಯ್ಯುತ್ತಿದ್ದದ್ದೂ ಬಾಕ್ಸೈಟೇ, ಮಲೇಷ್ಯಾದ ಕುವಾಂಟನ್‌ನಿಂದ 46,400 ಟನ್. 2015ರ ಜನವರಿ 2ಕ್ಕೆ ವಿಯೆಟ್ನಾಮಿನ ಆಚೆ ಮುಳುಗಿತು, 19 ಮಂದಿಯಲ್ಲಿ ಉಳಿದದ್ದು ಅಡುಗೆಯವನೊಬ್ಬ. ನೀರಿನಂಶ ಶೇ 10 ದಾಟಬಾರದಿತ್ತು, ಇದ್ದದ್ದು 21ರ ಮೇಲೆ. ಬಾಕ್ಸೈಟ್ ಕೆಡುವ ರೀತಿಯೇ ಬೇರೆ. ಇಡೀ ರಾಶಿ ಕೆಸರಾಗಬೇಕೆಂದೇನೂ ಇಲ್ಲ. ಹುಡಿಯೂ ನೀರೂ ಬೇರ್ಪಟ್ಟು ಮೇಲಕ್ಕೆ ಬಂದು ತೆಳ್ಳನೆ ಸ್ಲರಿಯಾಗಿ ನಿಲ್ಲುತ್ತದೆ, ಕೆಳಗಿನದ್ದು ಗಟ್ಟಿಯೇ ಇರುತ್ತದೆ. ಆಗ ಹಡಗು ತೂಗುವ ರೀತಿ ಬದಲಾಗುತ್ತದೆ, ಒಂಥರಾ ತಡವರಿಸುತ್ತದೆ. ಡ್ಯೂಟಿಯಲ್ಲಿದ್ದವರಿಗೆ ಅದು ಕಾಲಿಗೆ ಗೊತ್ತಾಗಬೇಕು. ಹೊಸ ಹುಡುಗನಿಗೆ ಸರಿಯಾದ ತೂಗಾಟವೇ ಯಾವುದು ಅಂತ ಗೊತ್ತಿರುವುದಿಲ್ಲ, ಕೆಟ್ಟದ್ದು ಹೇಗೆ ತಿಳಿಯಬೇಕು? ರಾತ್ರಿ ವಾಟ್ಸಾಪಿನಲ್ಲಿ ಬರೆಯಬೇಕು ಅವನಿಗೆ, ಮೊದಲ ದಿನದಿಂದಲೇ ಗಡಿಯಾರ ಹಿಡಿದು ಒಂದು ತೂಗಾಟಕ್ಕೆ ಎಷ್ಟು ಸೆಕೆಂಡ್ ಅಂತ ಬರೆದಿಡಲಿ, ಖಾಲಿ ಇದ್ದಾಗಿನದ್ದು ಬೇರೆ, ಲೋಡ್ ಆದ ಮೇಲಿನದ್ದು ಬೇರೆ.