ಸಿನರ್ಜಿ ಸಿಕ್ಕಿತು, ಸಿಲಿಂಡರ್ ಮುರಿಯಿತು

ನಮ್ಮ ಟೆಸ್ಟಿಂಗ್ ಲ್ಯಾಬಿಗೆ ಬೋನ್ ಸಿಮೆಂಟ್ (ಕೃತಕ ಕೀಲನ್ನು ಮೂಳೆಗೆ ಹಿಡಿಸುವ ಸಿಮೆಂಟ್) ಪ್ರಾಜೆಕ್ಟ್ ಬಂದರೆ ಯಾರಿಗೂ ಬೇರೆ ಹೇಳಬೇಕಿಲ್ಲ. ಅದನ್ನು ಕಲಸುವ ದ್ರವ, ಅಂದರೆ ಮಾನೋಮರ್‌ನ ವಾಸನೆ ಕ್ಯಾಂಟೀನ್‌ವರೆಗೂ ಬರುತ್ತದೆ. ಫ್ಯೂಮ್ ಹುಡ್ ರಿಪೇರಿಗೆ ಇಂಡೆಂಟ್ ಹಾಕಿ ಎಷ್ಟು ಕಾಲವಾಯಿತೋ. ಅಕೌಂಟ್ಸ್‌ನವರು "ಮುಂದಿನ ಕ್ವಾರ್ಟರ್" ಅನ್ನುತ್ತಲೇ ಇದ್ದಾರೆ.

ಆ ಸಲ ಬಂದದ್ದು ಒಂದು ಇಂಪ್ಲಾಂಟ್ ಕಂಪನಿ, ಹೆಸರು ಬೇಡ. ಜೆಂಟಾಮೈಸಿನ್ ಮೊದಲೇ ಬೆರೆಸಿರುವ 40 ಗ್ರಾಂ ಪ್ಯಾಕೆಟ್ಟಿಗೆ 4 ಗ್ರಾಂ ವ್ಯಾಂಕೋಮೈಸಿನ್ ಪುಡಿ ಸೇರಿಸಿದರೆ ಏನಾಗುತ್ತದೆ ಅಂತ ನೋಡಿಕೊಡಬೇಕಿತ್ತು. ಹೊಸ ವಿಷಯವೇನಲ್ಲ. ಸಿಮೆಂಟಿಗೆ ಆ್ಯಂಟಿಬಯೋಟಿಕ್ ಬೆರೆಸುವ ರೂಢಿ ಜರ್ಮನಿಯ ಸರ್ಜನ್ ಬುಕ್‌ಹೋಲ್ಟ್ಸ್ ಕಾಲದ್ದು, 1970ರ ಆಸುಪಾಸು. ಸೋಂಕು ತಗುಲಿದ ಕೀಲು ತೆಗೆದು ಸ್ಪೇಸರ್ (ಸಿಮೆಂಟಿನ ತಾತ್ಕಾಲಿಕ ಕೀಲು) ಇಡುವಾಗ ಸರ್ಜನ್‌ಗಳು ಓಟಿಯಲ್ಲೇ ಬೌಲ್‌ಗೆ ಸುರಿದು ಹೀಗೆ ಕಲಸುತ್ತಾರೆ.

ಹಾಗಾಗಿ 4 ಗ್ರಾಂ ಅಂತ ನೋಡಿದ ಕೂಡಲೇ ಇದು ಸ್ಪೇಸರ್‌ಗೇ ಅಂದುಕೊಂಡೆ. ಕೇಳಲಿಲ್ಲ. ಅಷ್ಟು ಡೋಸ್ ಬೇರೆ ಎಲ್ಲಿಗೆ ಹಾಕುತ್ತಾರೆ? ಸ್ಪೇಸರ್ ಇರುವುದೇ ಕೆಲವು ವಾರ ಅಥವಾ ತಿಂಗಳು, ಆಮೇಲೆ ತೆಗೆದು ಹೊಸ ಕೀಲು ಹಾಕುತ್ತಾರೆ. ಆ ಲೆಕ್ಕದಲ್ಲೇ ಪ್ರೋಟೋಕಾಲ್ ಬರೆದೆ: ಎರಡು ಔಷಧಿ ಸೇರಿದರೆ ಬಲ ಹೆಚ್ಚುತ್ತದಾ ಅಂತ ನೋಡುವ ಚೆಕರ್‌ಬೋರ್ಡ್, ಬ್ಯಾಕ್ಟೀರಿಯಾ ಎಷ್ಟು ಬೇಗ ಸಾಯುತ್ತದೆ ಅಂತ ನೋಡುವ ಟೈಮ್ ಕಿಲ್, ಸಿಮೆಂಟಿನಿಂದ ಔಷಧಿ ಎಷ್ಟು ಹೊರಬರುತ್ತದೆ ಅಂತ 6 ವಾರ ಎಲ್ಯೂಷನ್, ಬೋನ್ ಸಿಮೆಂಟಿನ ಸ್ಟ್ಯಾಂಡರ್ಡ್ ಐಎಸ್‌ಒ 5833 ಪ್ರಕಾರ ಒತ್ತಿ ಮುರಿಯುವ ಕಂಪ್ರೆಷನ್. ಪರ್ಚೇಸ್ ಆರ್ಡರ್ ಬಂತು, ಶುರು ಮಾಡಿದೆವು.

ರಿಸಲ್ಟ್ ಚೆನ್ನಾಗಿಯೇ ಬಂತು. ವ್ಯಾಂಕೋಮೈಸಿನ್ ಬ್ಯಾಕ್ಟೀರಿಯಾದ ಗೋಡೆ ಕೆಡಿಸುತ್ತದೆ, ಆ ದಾರಿಯಲ್ಲಿ ಜೆಂಟಾಮೈಸಿನ್ ಸಲೀಸಾಗಿ ಒಳಗೆ ನುಗ್ಗುತ್ತದೆ. ಚೆಕರ್‌ಬೋರ್ಡ್ ಕೊಡುವ ಸೂಚ್ಯಂಕ ಎಫ್‌ಐಸಿ ಸರಿಯಾಗಿ 0.5. ಅದು 0.5 ಅಥವಾ ಕಡಿಮೆ ಇದ್ದರೆ ಸಿನರ್ಜಿ, ಎರಡೂ ಸೇರಿ ಒಂದಕ್ಕೊಂದು ಬಲ ಕೊಡುತ್ತವೆ ಅಂತ. ಅಂದರೆ ನಾವು ಸಿನರ್ಜಿಯ ಗೆರೆಯ ಮೇಲೆ. ನಮ್ಮ ಮೈಕ್ರೋ ಮೇಡಂ ಮಾತ್ರ ಖುಷಿಪಡಲಿಲ್ಲ. ಒಂದು ಡೈಲ್ಯೂಷನ್ (ಔಷಧಿ ತೆಳು ಮಾಡುವ ಒಂದು ಹಂತ) ಆಚೀಚೆ ಆಗುವುದು ಈ ಟೆಸ್ಟಿನಲ್ಲಿ ಮಾಮೂಲು, ಗೆರೆಯ ಮೇಲೆ ಕೂತ ನಂಬರನ್ನು ನಾನು ನಂಬಲ್ಲ ಅಂತ ಪ್ಲೇಟ್‌ಗಳನ್ನು ಮತ್ತೆ ಹಾಕಿದರು. ಒಂದು ಸಲ 0.5, ಒಂದು ಸಲ 0.75. ಟೈಮ್ ಕಿಲ್‌ನಲ್ಲಿ ಮಾತ್ರ 24 ಗಂಟೆಗೆ, ಒಂಟಿ ಔಷಧಿಗಿಂತ ನೂರು ಪಟ್ಟಿಗೂ ಹೆಚ್ಚು ಇಳಿಕೆ ಕಂಡಿತು. ಅದನ್ನು ಒಪ್ಪಿಕೊಂಡರು.

ಎಲ್ಯೂಷನ್ ಇನ್ನೂ ಚೆಂದ. ಎರಡೂ ಸೇರಿದ್ದಾಗ ಎರಡೂ ಔಷಧಿ ಜಾಸ್ತಿ ಹೊರಬರುತ್ತದೆ. ಒಂದು ಕರಗಿ ಹೋದ ಜಾಗದಲ್ಲಿ ತೂತಾಗಿ ಇನ್ನೊಂದಕ್ಕೆ ದಾರಿ ಸಿಗುತ್ತದೆ. 24 ಗಂಟೆಯ ಕಂಪ್ರೆಷನ್ ಸ್ಟ್ಯಾಂಡರ್ಡ್ ಕೇಳುವ ಕನಿಷ್ಠ 70 ಮೆಗಾಪ್ಯಾಸ್ಕಲ್ ದಾಟಿತು, ಸ್ವಲ್ಪದರಲ್ಲಿ. ಪಾಸ್ ಅಂದರೆ ಪಾಸ್. ಡ್ರಾಫ್ಟ್ ರಿಪೋರ್ಟ್ ಹೋಯಿತು.

ಇದರ ಮಧ್ಯೆ ಒಂದು ಸಣ್ಣ ಜಗಳ. ಹೊಸದಾಗಿ ಸೇರಿದ್ದ ಹುಡುಗಿ ಎಲ್ಯೂಷನ್ ಮುಗಿದ ಸಿಮೆಂಟಿನ ಸಿಲಿಂಡರ್‌ಗಳನ್ನು ಎಸೆಯದೆ ಪಿಬಿಎಸ್‌ ಅನ್ನುವ ಉಪ್ಪಿನ ದ್ರಾವಣದಲ್ಲೇ ಮುಳುಗಿಸಿ 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಬಿಟ್ಟಿದ್ದಳು. ಶೆಲ್ಫ್‌ಗೆ ಬೇರೆ ಪ್ರಾಜೆಕ್ಟ್‌ನವರು ಕಾಯುತ್ತಿದ್ದರು. "ನೋಡಮ್ಮ, ಪ್ರೋಟೋಕಾಲ್‌ನಲ್ಲಿ ಇಲ್ಲದ್ದನ್ನು ಯಾಕೆ ಸಾಕ್ತೀಯಾ?" ಅಂದೆ. "ಸುಮ್ನೆ ಇರಲಿ ಸರ್, ಆಮೇಲೆ ಒಡೆದು ನೋಡೋಣ" ಅಂದಳು. ಸರಿ, ಶುಕ್ರವಾರ ಖಾಲಿ ಮಾಡು ಅಂದೆ. ಅವಳು ಮಾಡಲಿಲ್ಲ, ನನಗೂ ಮರೆತುಹೋಯಿತು.

ಆಮೇಲೆ ರಿವ್ಯೂ ಕಾಲ್. ಕ್ಲೈಂಟ್ ಕಡೆಯ ಮಾರ್ಕೆಟಿಂಗ್ ಮನುಷ್ಯ ಸ್ಲೈಡ್ ಹಾಕಿದರು. ಮೇಲೆ ದಪ್ಪಕ್ಷರದಲ್ಲಿ ಸಿನರ್ಜಿ, ದೀರ್ಘಕಾಲದ ರಕ್ಷಣೆ. ಕೆಳಗೆ ಚಿತ್ರ: ಪ್ರೈಮರಿ ನೀ.

ನಾನು ಇನ್ನೊಮ್ಮೆ ನೋಡಿದೆ. ಪ್ರೈಮರಿ. ಅಂದರೆ ಸೋಂಕೇ ಇಲ್ಲದ ರೋಗಿಗೆ ಮೊದಲ ಸಲ ಹಾಕುವ ಮಂಡಿ, ಹದಿನೈದಿಪ್ಪತ್ತು ವರ್ಷ ಮೈಭಾರ ಹೊರಬೇಕಾದ್ದು. ನಮ್ಮ ಮ್ಯಾನೇಜರ್ ಮೊದಲೇ ತಲೆಯಾಡಿಸಿ ಆಗಿತ್ತು. ಕ್ಲೈಂಟ್‌ನ ಡಾಕ್ಟರ್ ನಾರ್ವೆಯ ರಿಜಿಸ್ಟ್ರಿಯ ಮಾತು ತೆಗೆದರು: 22,170 ಸೊಂಟದ ಕೀಲು, 14 ವರ್ಷದವರೆಗಿನ ಲೆಕ್ಕ, ಆ್ಯಂಟಿಬಯೋಟಿಕ್ ರಕ್ತಕ್ಕೂ ಕೊಟ್ಟು ಸಿಮೆಂಟಿನಲ್ಲೂ ಹಾಕಿದವರಲ್ಲೇ ಮರು ಆಪರೇಷನ್ ಕಡಿಮೆ. ಅದು ನಿಜ. ಎರಡು ಸೇರಿದರೆ ಲಾಭ ಅನ್ನುವುದಕ್ಕೆ ಅಷ್ಟು ವರ್ಷದ ಸಾಕ್ಷಿ ಸಿಗುವುದು ಅಪರೂಪ. ಆದರೆ ಅಲ್ಲಿದ್ದದ್ದು ಹೆಚ್ಚಾಗಿ ಕಾರ್ಖಾನೆಯಲ್ಲೇ ಕಡಿಮೆ ಡೋಸ್ ಬೆರೆಸಿದ ಸಿಮೆಂಟು. ಕೈಯಲ್ಲಿ ಕಲಸಿದ 4 ಗ್ರಾಂ ಅಲ್ಲ.

ಇದನ್ನು ಹೇಳಬೇಕಿದ್ದವನು ನಾನೇ. ಹೇಳಿದರೆ ಮುಂದಿನ ಪ್ರಶ್ನೆ, ಮತ್ತೆ ನೀವು ಇದನ್ನು ಪ್ರೋಟೋಕಾಲ್‌ನಲ್ಲಿ ಯಾಕೆ ಹಾಕಲಿಲ್ಲ? ಮ್ಯಾನೇಜರ್ ಚಾಟ್‌ನಲ್ಲಿ "ಓಕೆ ಅನ್ನಬಹುದಾ?" ಅಂತ ಕಳಿಸಿದರು. ನಾನು ಮ್ಯೂಟ್ ತೆಗೆದೆ, ಮತ್ತೆ ಹಾಕಿದೆ. ಯಾರೋ "ಸರ್, ನಿಮ್ಮ ವಾಯ್ಸ್ ಬರ್ತಿಲ್ಲ" ಅಂದರು. ನೆಟ್‌ವರ್ಕ್ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು, ಅಲ್ವಾ? ಅಷ್ಟರಲ್ಲಿ ಮೈಕ್ರೋ ಮೇಡಂ ಕೇಳಿಯೇಬಿಟ್ಟರು: "ಔಷಧಿ ಎಲ್ಲ ಹೊರಗೆ ಹೋದಮೇಲೆ ಒಳಗೆ ಏನು ಉಳಿಯುತ್ತೆ?"

ತೂತು ಉಳಿಯುತ್ತದೆ. ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಚಿತ್ರದಲ್ಲಿ ನಾವೇ ನೋಡಿದ್ದೆವು, ಒಳ್ಳೇ ಸೆಟ್ ದೋಸೆಯ ಮೇಲ್ಮೈ ಥರ. ಯಾವ ತೂತಿನಿಂದ ಔಷಧಿ ಜಾಸ್ತಿ ಬಂತೋ ಅದೇ ತೂತು ಸಿಮೆಂಟಿನ ಬಲ ತಿನ್ನುತ್ತದೆ. ನಾವು ಒಂದನ್ನು ಮಾತ್ರ ಅಳೆದು ಸಿನರ್ಜಿ ಅಂದಿದ್ದೆವು. 40 ಗ್ರಾಂಗೆ ಸುಮಾರು 4.5 ಗ್ರಾಂ ದಾಟಿ ಪುಡಿ ಹಾಕಿದರೆ ಬಲ 70ಕ್ಕಿಂತ ಇಳಿಯುತ್ತದೆ ಅಂತ ಜೆಂಟಾಮೈಸಿನ್‌ಗೆ 1970ರ ದಶಕದಲ್ಲೇ ತೋರಿಸಿದ್ದರು. ಪ್ಯಾಕೆಟ್ಟಿನಲ್ಲಿ ಮೊದಲೇ ಇದ್ದದ್ದು ಮತ್ತು ನಾವು ಹಾಕಿದ 4 ಗ್ರಾಂ ಕೂಡಿದರೆ ಆ ಅಂಚಿನಲ್ಲೇ ಇದ್ದೆವು. ಸ್ಟ್ಯಾಂಡರ್ಡ್‌ನ ಕಂಪ್ರೆಷನ್ ಟೆಸ್ಟ್ ಒಣ ಸಿಲಿಂಡರ್‌ಗೆ, ಅದೂ 24 ಗಂಟೆಗೆ. ಔಷಧಿ ಇನ್ನೂ ಒಳಗೇ ಕೂತಿರುವಾಗ. ಪಾಸ್ ಆಗದೆ ಇನ್ನೇನು?

ಕಾಲ್ ಹೇಗೋ ಮುಗಿಯಿತು. ನಾನು ಸೀದಾ ಇನ್‌ಕ್ಯುಬೇಟರ್ ಹತ್ತಿರ ಹೋದೆ. ಸಿಲಿಂಡರ್‌ಗಳು ಅಲ್ಲೇ ಇದ್ದವು. ಒತ್ತಿ ಮುರಿಯುವ ಮೆಷೀನ್ ಯುಟಿಎಂನ ಬುಕಿಂಗ್ ಬೇರೆಯವರದ್ದು, ಮಧ್ಯೆ ನುಗ್ಗಿ ಒಡೆದೆವು. 70ರ ಕೆಳಗೆ. ಕೆಲವಂತೂ ಚೆನ್ನಾಗಿಯೇ ಕೆಳಗೆ.

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಳ್ಳಬೇಡಿ. ಆ ಹುಡುಗಿ ಆ್ಯಂಟಿಬಯೋಟಿಕ್ ಇಲ್ಲದ ಕಂಟ್ರೋಲ್ ಇಟ್ಟಿರಲಿಲ್ಲ. ಇಡು ಅಂತ ಹೇಳುವವರು ಯಾರಿದ್ದರು, ನಾನು ಎಸೆ ಅನ್ನುತ್ತಿದ್ದೆ. ಬರೀ ಸಿಮೆಂಟು ಕೂಡ ನೀರು ಹೀರಿ ಸ್ವಲ್ಪ ಮೆತ್ತಗಾಗುತ್ತದೆ. ಇಳಿಕೆಯಲ್ಲಿ ನೀರಿನ ಪಾಲೆಷ್ಟು, ತೂತಿನ ಪಾಲೆಷ್ಟು ಹೇಳಲು ಬರುವುದಿಲ್ಲ. ಹಾಗಾಗಿ ಆ ನಂಬರ್ ರಿಪೋರ್ಟಿಗೆ ಹೋಗಲಿಲ್ಲ. ಕಂಟ್ರೋಲ್ ಸಮೇತ ಹೊಸದಾಗಿ ಶುರು ಮಾಡೋಣ, ನೆನೆಸಿಟ್ಟು ತಿಂಗಳುಗಟ್ಟಲೆ ಕಾಯಬೇಕು, ಫಟೀಗ್ (ಮತ್ತೆ ಮತ್ತೆ ಭಾರ ಹಾಕುವ ಟೆಸ್ಟ್) ಕೂಡ ಮಾಡಬೇಕು ಅಂತ ಬರೆದೆವು. ಕೊಟೇಷನ್ ನೋಡಿ ಕ್ಲೈಂಟ್ ಸುಮ್ಮನಾದರು. ಮ್ಯಾನೇಜರ್ ನನಗೆ, "ಬಂದ ಗಿರಾಕಿಗೆ ಇಷ್ಟೆಲ್ಲಾ ಯಾಕೆ ಹೇಳಿದಿರಿ?" ಅಂದರು. ಸ್ಪೇಸರ್‌ಗೆ ಮಾತ್ರ ಅನ್ವಯ ಅಂತ ಒಂದು ಸಾಲು ಸೇರಿಸಿ ಮೊದಲ ರಿಪೋರ್ಟ್ ಕೊಟ್ಟೆವು. ಆ ಸಾಲನ್ನು ತೆಗೆಯಲು ಮೂರ್ನಾಲ್ಕು ಇಮೇಲ್ ಬಂದವು. ತೆಗೆಯಲಿಲ್ಲ.

ಈಗ ಸ್ಯಾಂಪಲ್ ಫಾರ್ಮ್‌ನಲ್ಲಿ ಹೊಸ ಕಾಲಂ ಇದೆ: ದೇಹದಲ್ಲಿ ಎಷ್ಟು ಕಾಲ ಇರುತ್ತದೆ? ನಾನೇ ಹೋರಾಡಿ ಹಾಕಿಸಿದ್ದು. ಸಾಫ್ಟ್‌ವೇರ್‌ನವರು ಅದನ್ನು ಡ್ರಾಪ್‌ಡೌನ್ ಮಾಡಿ, ಡೀಫಾಲ್ಟ್ ಆಗಿ "ಅನ್ವಯಿಸುವುದಿಲ್ಲ" ಅಂತ ಇಟ್ಟಿದ್ದಾರೆ. ಹೋದ ತಿಂಗಳು ಬೆನ್ನುಮೂಳೆಗೆ ಹಾಕುವ ಸ್ಕ್ರೂ ಬಂತು. ಅದಕ್ಕೂ ಅನ್ವಯಿಸುವುದಿಲ್ಲವಂತೆ. ಫೋನ್ ಮಾಡಿ ಕೇಳಿದೆ.