ನಿರ್ದೇಶಕರಾಗಲು ಯಾವ ದಾರಿ ಎಂದು ಕೇಳುವವರಿಗೆ

"ನಾನೂ ನಿರ್ದೇಶನ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಚಿತ್ರಪ್ರದರ್ಶನ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು ಇದನ್ನು ಕೇಳಿಯೇ ಕೇಳುತ್ತಾರೆ. ಅದರ ಬೆನ್ನಿಗೇ ಇನ್ನಷ್ಟು: ಸಿನಿಮಾ ಶಾಲೆ ಸೇರಬೇಕೇ, ಯಾರ ಬಳಿಯಾದರೂ ಸಹಾಯಕನಾಗಬೇಕೇ, ಮೊದಲು ಕಿರುಚಿತ್ರ ಮಾಡಬೇಕೇ? ಯಾವ ಕ್ಯಾಮೆರಾ ಕೊಳ್ಳಲಿ ಎನ್ನುವವರೂ ಉಂಟು. ಅವರಿಗೆ ನನ್ನ ಉತ್ತರ ಚುಟುಕು: ಸದ್ಯಕ್ಕೆ ಕೈಯಲ್ಲಿರುವ ಮೊಬೈಲ್ ಸಾಕು.

ಉಳಿದವರಿಗೆ ಸ್ವಲ್ಪ ಕೂತು ಮಾತನಾಡಬೇಕು. ನಿರ್ದೇಶನಕ್ಕೆ ನೇರವಾಗಿ ಬಂದವರು ಕಡಿಮೆ. ಬಹಳಷ್ಟು ಮಂದಿ ಬೇರೊಂದು ಕೆಲಸದ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದವರು. ಸತ್ಯಜಿತ್ ರೇ ಜಾಹೀರಾತು ಸಂಸ್ಥೆಯಲ್ಲಿ ಚಿತ್ರಕಲಾವಿದರಾಗಿದ್ದರು. 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬರೆದವರೇ ಮುಂದೆ ಅದನ್ನು ಸಿನಿಮಾ ಮಾಡಿದರು. 1955ರಲ್ಲಿ ತೆರೆಗೆ ಬಂದ ಆ ಚಿತ್ರಕ್ಕೆ ವಿಧಿವತ್ತಾದ ಪೂರ್ಣ ಚಿತ್ರಕಥೆ ಇರಲಿಲ್ಲ. ಇದ್ದದ್ದು ಅವರದೇ ರೇಖಾಚಿತ್ರಗಳು ಮತ್ತು ಟಿಪ್ಪಣಿಗಳು. ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವಾರ್ದಾ ಮೊದಲು ಸ್ಥಿರಚಿತ್ರ ತೆಗೆಯುವ ಛಾಯಾಗ್ರಾಹಕಿ. ಇಂಗ್ಲೆಂಡಿನ ನಿರ್ದೇಶಕ ಡೇವಿಡ್ ಲೀನ್ ಮೊದಲು ಸಂಕಲನಕಾರ. ಇವರ ಚಿತ್ರಗಳನ್ನು ನೋಡುವಾಗ ಆ ಹಳೆಯ ಕಸುಬಿನ ಗುರುತು ನನಗಂತೂ ಕಾಣುತ್ತಲೇ ಇರುತ್ತದೆ. ಹಾಗಾಗಿ "ನಾನು ಇಷ್ಟು ವರ್ಷ ಬೇರೆ ಕೆಲಸದಲ್ಲಿದ್ದೆ, ತಡವಾಯಿತೇ?" ಎಂದು ಕೇಳುವವರನ್ನು, ಆ ಕೆಲಸ ಯಾವುದು ಎಂದು ನಾನೇ ಮರಳಿ ಕೇಳುತ್ತೇನೆ.

ನಾನು ಬಂದದ್ದು ರಂಗಭೂಮಿಯ ಬೆಳಕಿನ ವಿಭಾಗದಿಂದ. ಇಡೀ ರಂಗ ಕಣ್ಣೆದುರಿಗಿದ್ದರೂ ಪ್ರೇಕ್ಷಕ ಈಗ ಯಾರನ್ನು ನೋಡಬೇಕು ಎಂಬುದನ್ನು ಬೆಳಕು ತೀರ್ಮಾನಿಸುತ್ತದೆ. ಮುಂದೆ ಕ್ಯಾಮೆರಾ ಎಲ್ಲಿಡಬೇಕು ಎಂಬ ಪ್ರಶ್ನೆ ಎದುರಾದಾಗ ಅದು ನನಗೆ ತೀರಾ ಹೊಸದಾಗಿರಲಿಲ್ಲ.

ಸಹಾಯಕ ನಿರ್ದೇಶಕನಾಗಿ ನನ್ನ ಪಾಲಿಗೆ ಬಂದದ್ದು ಕಂಟಿನ್ಯುಟಿ, ಅಂದರೆ ಒಂದು ಶಾಟ್‌ಗೂ ಮುಂದಿನದಕ್ಕೂ ಎಲ್ಲವೂ ಹೊಂದುವಂತೆ ನೋಡಿಕೊಳ್ಳುವುದು. ಹಿಂದಿನ ಶಾಟ್‌ನಲ್ಲಿ ಲೋಟ ಯಾವ ಕೈಯಲ್ಲಿತ್ತು, ನೀರು ಎಷ್ಟಿತ್ತು, ಅಂಗಿಯ ಮೇಲಿನ ಗುಂಡಿ ಹಾಕಿತ್ತೋ ಇಲ್ಲವೋ, ಎಲ್ಲವನ್ನೂ ಬರೆದಿಡಬೇಕು. ಯಾರೂ ಹೊಗಳದ ಕೆಲಸ, ತಪ್ಪಿದರೆ ಎಲ್ಲರೂ ಬೈಯುವ ಕೆಲಸ. ಆದರೆ ಅದರಿಂದ ಕಣ್ಣು ಪಳಗಿತು.

ನಿಜವಾದ ಪಾಠ ಆದದ್ದು ಮಾತ್ರ ಸಂಕಲನದ ಕೋಣೆಯಲ್ಲಿ. ಒಂದು ದೃಶ್ಯ ಹೇಳುತ್ತೇನೆ. ನಟಿ ಫೋನ್ ಕೆಳಗಿಡುತ್ತಾಳೆ, ಕಿಟಕಿಯತ್ತ ತಿರುಗುತ್ತಾಳೆ, ಅಳುತ್ತಾಳೆ. ಸೆಟ್‌ನಲ್ಲಿ ಎಲ್ಲರೂ ಮೆಚ್ಚಿದ್ದು ಆ ಅಳುವನ್ನು. ಸಂಕಲನಕಾರರು ಅಳು ಬರುವ ಮುನ್ನವೇ, ಆಕೆ ತಿರುಗುವ ಮುನ್ನವೇ ಶಾಟ್ ಕತ್ತರಿಸಿದರು. ಫೋನ್ ಇಟ್ಟಾಗಿತ್ತು, ಬೆರಳು ಮಾತ್ರ ಇನ್ನೂ ಅದರ ಮೇಲಿತ್ತು. ದುಃಖ ತಿಳಿಯಲು ಅಷ್ಟೇ ಸಾಕಾಯಿತು. ಆಮೇಲೆ ಅದೇ ಶಾಟನ್ನು ಇನ್ನು 12 ಫ್ರೇಮ್ ಉದ್ದಮಾಡಿ ತೋರಿಸಿದರು. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ಅದು ಬರೀ ಅರ್ಧ ಸೆಕೆಂಡು. ಈಗ ಆಕೆ ದುಃಖದಲ್ಲಿಲ್ಲ, ಮತ್ತೆ ಕರೆ ಮಾಡಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದಾಳೆ! ನಟನೆ ಅದೇ, ಬೆಳಕು ಅದೇ, ಕಥೆ ಬೇರೆ. ಇವೆರಡರಲ್ಲಿ ಯಾವ ಹೆಂಗಸು ನಮ್ಮ ಚಿತ್ರದವಳು ಎಂದು ಹೇಳಬೇಕಾದವರು ನಿರ್ದೇಶಕರು. ಆ ಕೆಲಸದ ತಿರುಳು ಇದೇ ಎಂದು ನನ್ನ ನಂಬಿಕೆ. ಸೆಟ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂಗುವುದು ಎಲ್ಲರಿಗೂ ಬರುತ್ತದೆ.

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವ ಕೂಡ ಚಿತ್ರಕಲೆಯಿಂದ ಬಂದವರು. 1936ರಲ್ಲಿ ಸ್ಟುಡಿಯೊ ಸೇರಿ ನಿರ್ದೇಶಕ ಕಜಿರೊ ಯಮಾಮೊಟೊ ಅವರ ಕೈಕೆಳಗೆ ಪಳಗಿದರು; ಮೊದಲ ಚಿತ್ರ ನಿರ್ದೇಶಿಸಿದ್ದು 1943ರಲ್ಲಿ. ಆ ಗುರು ಶಿಷ್ಯನಿಂದ ಚಿತ್ರಕಥೆ ಬರೆಸಿದರು, ಸಂಕಲನ ಮಾಡಿಸಿದರು. ಅಂಥ ಗುರು ಸಿಕ್ಕರೆ ಬಿಡಬೇಡಿ.

ಶಾಲೆಯ ವಿಷಯ: ಹೋಗಲು ಅನುಕೂಲವಿದ್ದರೆ ಹೋಗಿ. ಒಳ್ಳೆಯ ಚಿತ್ರಗಳನ್ನು ನೋಡಲು ಸಮಯ ಸಿಗುತ್ತದೆ, ಜಗಳವಾಡಲು ಸಮಾನಾಸಕ್ತರು ಸಿಗುತ್ತಾರೆ. ಹೇಳಲೇಬೇಕಾದ ಕಥೆಯನ್ನು ಮಾತ್ರ ಯಾವ ಪಠ್ಯಕ್ರಮವೂ ಕೊಡುವುದಿಲ್ಲ.

ಸಹಾಯಕರಾಗುವುದಾದರೆ, ನಿರ್ದೇಶಕರ ಹೆಸರು ಎಷ್ಟು ದೊಡ್ಡದು ಎಂದು ಅಳೆಯುತ್ತಾ ಕೂರಬೇಡಿ. ಮೊದಲ ಭೇಟಿಯಲ್ಲೇ ಒಂದು ಮಾತು ಕೇಳಿ: "ಚಿತ್ರೀಕರಣ ಮುಗಿದ ಮೇಲೆ ಸಂಕಲನ ನಡೆಯುವಾಗ ನನ್ನನ್ನೂ ಒಳಗೆ ಕೂರಲು ಬಿಡುತ್ತೀರಾ?" ಇಲ್ಲ ಎಂದರೆ ಇನ್ನೊಬ್ಬರನ್ನು ಹುಡುಕಿ.