ಒಂದು ಹಲ್ಲು, ಒಂದು ಪೆಟ್ಟಿಗೆ

ರಾತ್ರಿ ಮಲಗುವ ಮುನ್ನ ಹಳೆಯ ಫೋಟೊ ಒಂದು ಕಣ್ಣಿಗೆ ಬಿತ್ತು. 2022ರ ಜೂನ್, ಬ್ರಸೆಲ್ಸ್. ಅಂಗೈಯಲ್ಲಿ ಹಿಡಿಯಬಹುದಾದ ನೀಲಿ ಪೆಟ್ಟಿಗೆ, ಒಳಗೆ ಚಿನ್ನದ ಹೊದಿಕೆಯ ಒಂದು ಹಲ್ಲು. ಕಾಂಗೋದ ಮೊದಲ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರದು. ಬೆಲ್ಜಿಯಂ ಅದನ್ನು ಅವರ ಮನೆಯವರಿಗೆ ಮರಳಿಸಿದ ದಿನದ ಫೋಟೊ.

ಕಾಂಗೋಗೆ ಬೆಲ್ಜಿಯಂನಿಂದ ಸ್ವಾತಂತ್ರ್ಯ ಬಂದು ಏಳು ತಿಂಗಳು ತುಂಬುವ ಮೊದಲೇ, 1961ರ ಜನವರಿ 17ರಂದು ಅವರನ್ನು ಗುಂಡಿಟ್ಟು ಕೊಂದರು. ಗೋರಿಯೂ ಉಳಿಯಬಾರದೆಂದು ದೇಹವನ್ನು ಆಮ್ಲದಲ್ಲಿ ಕರಗಿಸಿದರು. ಆ ಕೆಲಸಕ್ಕೆ ನಿಂತ ಬೆಲ್ಜಿಯಂನ ಪೊಲೀಸ್ ಅಧಿಕಾರಿ ಹಲ್ಲನ್ನು ನೆನಪಿಗೆಂದು ಇಟ್ಟುಕೊಂಡ. ನೆನಪಿಗೆ! ಯಾವ ಸೀಮೆಯ ನೆನಪೋ.

ಹಲ್ಲು ಮರಳಿದ ಅದೇ 2022ರ ಜೂನ್‌ನಲ್ಲಿ ಬೆಲ್ಜಿಯಂ ದೊರೆ ಫಿಲಿಪ್ ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ನಿಂತು ವಸಾಹತು ಕಾಲದ ಕ್ರೌರ್ಯಕ್ಕೆ ತೀವ್ರ ವಿಷಾದ ವ್ಯಕ್ತಪಡಿಸಿದರು. ಕ್ಷಮೆ ಕೇಳಲಿಲ್ಲ. ಜಲಿಯನ್‌ವಾಲಾ ಬಾಗ್‌ಗೆ ನೂರು ವರ್ಷ ತುಂಬಿದಾಗ, 2019ರಲ್ಲಿ, ಬ್ರಿಟಿಷ್ ಪ್ರಧಾನಿ ಸಂಸತ್ತಿನಲ್ಲಿ ಆಡಿದ್ದೂ ವಿಷಾದದ ಮಾತೇ. ಅಲ್ಲಿ ಹಾರಿದ ಗುಂಡುಗಳ ಲೆಕ್ಕ ಮಾತ್ರ ಅಚ್ಚುಕಟ್ಟಾಗಿದೆ: 1,650. ಸತ್ತವರ ಲೆಕ್ಕ ಇಂದಿಗೂ ಜಗಳದ್ದು. ಸರ್ಕಾರಿ ಅಂಕಿ 379.

ರೈಲು ತಡವಾದರೂ ಧ್ವನಿವರ್ಧಕ ವಿಷಾದಿಸುತ್ತದಲ್ಲ! ಕ್ಷಮೆ ಎಂದರೆ ಹೊಣೆ, ಹೊಣೆ ಎಂದರೆ ಪರಿಹಾರ. ವಕೀಲರು ಹೆದರುವುದು ಅದಕ್ಕೆ. ತನ್ನ ಹಳೆಯ ವಸಾಹತು ನಮೀಬಿಯಾದಲ್ಲಿ ಹೆರೆರೊ, ನಾಮಾ ಜನರ ಮೇಲೆ ನಡೆದದ್ದು ನರಮೇಧವೆಂದು 2021ರಲ್ಲಿ ಒಪ್ಪಿದ ಜರ್ಮನಿ ಕೂಡ 110 ಕೋಟಿ ಯೂರೊ ಕೊಡುತ್ತೇವೆಂದಿತೇ ಹೊರತು ಅದನ್ನು ಪರಿಹಾರ ಎನ್ನಲಿಲ್ಲ.

ಬ್ರಸೆಲ್ಸ್‌ನಲ್ಲಿ ಆ ಪುಟ್ಟ ಪೆಟ್ಟಿಗೆಯನ್ನು ಆಮೇಲೆ ಆಳುದ್ದದ ಶವಪೆಟ್ಟಿಗೆಯೊಳಗೆ ಇಟ್ಟರು. ಒಂದೇ ಹಲ್ಲಿಗೆ ಅಷ್ಟು ಉದ್ದದ ಪೆಟ್ಟಿಗೆ.